ಬಸ್ ಎಷ್ಟು ಗಂಟೆಗೆ? ಕ್ರೀಡಾ ತಂಡಕ್ಕೆ ಒಂದೇ ಆ್ಯಪ್ ತರುವುದು ಹೇಗೆ

[ದೃಶ್ಯ: ಕಲಬುರಗಿಯ ಚಂದ್ರಶೇಖರ ಪಾಟೀಲ್ ಕ್ರೀಡಾಂಗಣ, ಬೆಳಗಿನ ಅಭ್ಯಾಸ]

ನಮಸ್ಕಾರ ರೀ. ಎಲ್ಲರೂ ಆರಾಮ ಇದ್ದೀರಲ್ಲ?

ಕೆಲವು ವರ್ಷಗಳ ಹಿಂದೆ ಇಲ್ಲಿಯ ಒಂದು ಕ್ರಿಕೆಟ್ ಕ್ಲಬ್‌ನಲ್ಲಿ ನಾನು ಮ್ಯಾನೇಜರ್‌ಗೆ ಸಹಾಯ ಮಾಡುತ್ತಿದ್ದೆ. ರಾಯಚೂರಿನಲ್ಲಿ ಪಂದ್ಯ ಇತ್ತು. ಬಸ್ ಬೆಳಗ್ಗೆ 6ಕ್ಕೆ ಅಂತ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಾಕಿದ್ದೆವು. ರಾತ್ರಿ 11ರ ಹೊತ್ತಿಗೆ ಅದು 5 ಗಂಟೆ ಆಯಿತು. ಅದನ್ನೂ ಹಾಕಿದೆವು. ಆದರೆ ಅವತ್ತು ಒಬ್ಬರ ಹುಟ್ಟುಹಬ್ಬ. 12 ಹೊಡೆದ ಮೇಲೆ ಸಾಲುಸಾಲಾಗಿ ಕೇಕಿನ ಚಿತ್ರಗಳು ಬಂದವು. ಬಸ್ಸಿನ ಮಾತು ಎಲ್ಲೋ ಮೇಲೆ ಹೋಗಿ ಮುಚ್ಚಿಹೋಯಿತು. ಪಂದ್ಯಕ್ಕಾಗಿಯೇ ಆಳಂದದಿಂದ ಬಂದು ಮಾವನ ಮನೆಯಲ್ಲಿ ಉಳಿದಿದ್ದ ಒಬ್ಬ ಹುಡುಗ ಐದೂಮುಕ್ಕಾಲಿಗೆ ಕಿಟ್ ಬ್ಯಾಗ್ ಹೊತ್ತು ಗೇಟಿಗೆ ಬಂದ. ಬಸ್ ಹೋಗಿಯಾಗಿತ್ತು. ಅವರ ಅಪ್ಪ ಫೋನ್ ಮಾಡಿ, "ಸರ್, ನಮ್ಮ ಹುಡುಗಗ ಯಾರೂ ಹೇಳಿಲ್ಲಲ್ರೀ" ಅಂದರು. ನಾವು ಹೇಳಿದ್ದೆವು. ಆದರೆ ಅವನಿಗೆ ಮುಟ್ಟಿರಲಿಲ್ಲ. ಆ ಫೋನ್ ನನಗೆ ಇವತ್ತಿಗೂ ನೆನಪಿದೆ.

ಹಾಗಾಗಿ ಇವತ್ತಿನ ವಿಷಯ ಸೋಷಿಯಲ್ ಕೊಲಾಬರೇಶನ್ ಪ್ಲಾಟ್‌ಫಾರ್ಮ್. ಹೆಸರು ದೊಡ್ಡದು, ಕೆಲಸ ಸರಳ. ಒಂದು ಸಂಸ್ಥೆಯ ಎಲ್ಲರೂ ಮಾತಾಡುವ, ಫೈಲ್ ಇಡುವ, ಹಳೆಯದನ್ನು ಹುಡುಕುವ ಒಂದೇ ಜಾಗ. ಸ್ಲ್ಯಾಕ್, ಮೈಕ್ರೋಸಾಫ್ಟ್ ಟೀಮ್ಸ್ ಇಂಥವು. ಕ್ರೀಡಾ ತಂಡಗಳಿಗೆ ಅಂತಲೇ ಮಾಡಿದ ಟೀಮ್‌ವರ್ಕ್ಸ್ ಕೂಡ ಇದೆ. ಅದನ್ನು ಕಟ್ಟಿದ್ದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡದಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಿದ್ದ ಜ್ಯಾಕ್ ಮಾರಿಡೀಸ್.

[ಸ್ಕ್ರೀನ್ ಮೇಲೆ: 2022ರ ಆಗಸ್ಟ್ 7 – ಆಗಸ್ಟ್ 26]

ನಮ್ಮ ಊರಿನ ಹೆಸರು ಹೊತ್ತ ತಂಡವನ್ನೇ ನೋಡಿ. ಊರು 2014ರ ನವೆಂಬರ್ 1ರಂದು ಕಲಬುರಗಿ ಆಯಿತು. ತಂಡ ಇನ್ನೂ ಗುಲ್ಬರ್ಗಾ ಮಿಸ್ಟಿಕ್ಸ್. 2022ರಲ್ಲಿ ಮೊದಲ ಮಹಾರಾಜ ಟ್ರೋಫಿ, ಅಂದರೆ ಕರ್ನಾಟಕದ ಟಿ20 ಕ್ರಿಕೆಟ್ ಲೀಗ್, ಗೆದ್ದಿದ್ದು ಇದೇ ತಂಡ, ಮನೀಷ್ ಪಾಂಡೆ ನಾಯಕತ್ವದಲ್ಲಿ. ಎಷ್ಟು ಖುಷಿಪಟ್ಟಿದ್ದೆವು ಅಲ್ವಾ! ಆ ಇಡೀ ಟೂರ್ನಿ ನಡೆದದ್ದು 20 ದಿನ. ಪಂದ್ಯಗಳು ಮೈಸೂರು ಮತ್ತು ಬೆಂಗಳೂರಿನಲ್ಲಿ. 2024ರಲ್ಲಿ ನಾಯಕ ದೇವದತ್ ಪಡಿಕ್ಕಲ್. ಇಂಥ ಲೀಗಿನಲ್ಲಿ ಆಟಗಾರರು ಬದಲಾಗುತ್ತಾರೆ, ಕೋಚ್ ಬದಲಾಗಬಹುದು, ಫಿಸಿಯೋ ಬದಲಾಗಬಹುದು.

ಇಂಥ ತಂಡ ವರ್ಷಕ್ಕೆ ಮೂರು ವಾರ ಮಾತ್ರ ಒಟ್ಟಿಗಿರುತ್ತದೆ. ಆಮೇಲೆ ಚದುರಿಹೋಗುತ್ತದೆ. ಯಾವ ಹೋಟೆಲ್‌ನಲ್ಲಿ ಬೆಳಗಿನ ತಿಂಡಿ ತಡ ಆಯಿತು, ಯಾವ ಬೌಲರ್‌ಗೆ ಸತತ ಎರಡು ದಿನ ನೆಟ್ಸ್ ಆದರೆ ಬೆನ್ನು ಹಿಡಿಯುತ್ತದೆ, ಯಾವ ಬ್ಯಾಟರ್‌ಗೆ ಯಾರು ಬೌಲ್ ಮಾಡಿದರೆ ಕಷ್ಟ ಅನ್ನುವುದೆಲ್ಲ ಯಾರ್ಯಾರದೋ ಫೋನಿನಲ್ಲಿ ಉಳಿಯುತ್ತದೆ. ಫೋನ್ ಕೆಟ್ಟರೆ, ಆ ಮನುಷ್ಯ ಬೇರೆ ತಂಡಕ್ಕೆ ಹೋದರೆ, ಮುಂದಿನ ಆಗಸ್ಟ್‌ನಲ್ಲಿ ಎಲ್ಲ ಮೊದಲಿನಿಂದ ಶುರು. ಪ್ಲಾಟ್‌ಫಾರ್ಮ್ ಬೇಕು ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ. ತಂಡದ ನೆನಪು ತಂಡದ ಹತ್ತಿರವೇ ಇರಬೇಕು.

ಹಾಗಾದರೆ ಯಾವ ಆ್ಯಪ್? ಇಲ್ಲಿ ಸ್ವಲ್ಪ ಹುಷಾರಾಗಿರಿ. ಸ್ಲ್ಯಾಕ್ ಉಚಿತವಾಗಿ ಸಿಗುತ್ತದೆ ನಿಜ. ಆದರೆ ಉಚಿತ ಪ್ಲ್ಯಾನ್‌ನಲ್ಲಿ ಕಳೆದ 90 ದಿನಗಳ ಮೆಸೇಜ್ ಮಾತ್ರ ಕಾಣುತ್ತವೆ. ಒಂದು ವರ್ಷ ದಾಟಿದ್ದನ್ನು ಅವರು ಅಳಿಸಿಯೇ ಬಿಡುತ್ತಾರೆ. ದಿನಾ ತೆರೆಯುವ ಆಫೀಸಿಗೆ ಇದು ನಡೆಯಬಹುದು. ಆಗಸ್ಟ್‌ನಲ್ಲಿ ಮುಗಿಸಿ ಮತ್ತೆ ಆಗಸ್ಟ್‌ಗೆ ಸೇರುವ ತಂಡಕ್ಕೆ? ಬೇಕಾದಾಗ ಕಪಾಟು ಖಾಲಿ. ಇನ್ನೊಂದು, ಫೇಸ್‌ಬುಕ್ ಕಂಪನಿ 2016ರಲ್ಲಿ ವರ್ಕ್‌ಪ್ಲೇಸ್ ಅಂತ ಶುರು ಮಾಡಿತ್ತು. 2024ರಲ್ಲಿ ಅದನ್ನು ಮುಚ್ಚುವುದಾಗಿ ಹೇಳಿಬಿಟ್ಟರು. ಅಷ್ಟು ದೊಡ್ಡ ಕಂಪನಿಯೇ ಹೀಗೆ. ಆದ್ದರಿಂದ ಆ್ಯಪ್ ತೆಗೆದುಕೊಳ್ಳುವಾಗ ಮೊದಲು ಕೇಳಬೇಕಾದ್ದು, "ನಮ್ಮ ಮಾಹಿತಿ ಎಲ್ಲ ಒಟ್ಟಿಗೆ ಹೊರಗೆ ತೆಗೆದುಕೊಳ್ಳಲು ಬರುತ್ತದಾ?" ಬರುವುದಿಲ್ಲ ಅಂದರೆ ಬೇಡ.

[ದೃಶ್ಯ: ಕ್ರೀಡಾಂಗಣದ ಮೆಟ್ಟಿಲು]

ಇನ್ನೊಂದು ಮಾತು ಗಂಭೀರವಾದದ್ದು. ಮಹಾರಾಜ ಟ್ರೋಫಿಗಿಂತ ಮೊದಲು ಕರ್ನಾಟಕ ಪ್ರೀಮಿಯರ್ ಲೀಗ್ ಇತ್ತು. 2009ರಲ್ಲಿ ಶುರುವಾಗಿತ್ತು. 2019ರಲ್ಲಿ ಸ್ಪಾಟ್ ಫಿಕ್ಸಿಂಗ್ (ದುಡ್ಡಿಗಾಗಿ ಪಂದ್ಯದ ಒಂದು ಭಾಗ ಹೇಗೆ ನಡೆಯಬೇಕು ಅಂತ ಮೊದಲೇ ಗೊತ್ತುಮಾಡುವುದು) ಆರೋಪದ ಮೇಲೆ ಬೆಂಗಳೂರಿನ ಸಿಸಿಬಿ ಪೊಲೀಸರು ಹಲವರನ್ನು ಬಂಧಿಸಿದರು. ಆಮೇಲೆ ಆ ಲೀಗ್ ನಡೆಯಲೇ ಇಲ್ಲ. ನಾಳೆ ಯಾರು ಆಡುತ್ತಾರೆ, ಯಾರ ತೊಡೆ ಹಿಡಿದಿದೆ ಅನ್ನುವ ಮಾಹಿತಿಗೆ ಬೆಟ್ಟಿಂಗ್‌ನವರ ಹತ್ತಿರ ಬೆಲೆ ಇದೆ. ಬೆಟ್ಟಿಂಗ್‌ಗೆ ಬಳಸಬಹುದು ಅಂತ ಗೊತ್ತಿದ್ದೂ ತಂಡದ ಒಳಗಿನ ಸುದ್ದಿ ಹೊರಗೆ ಕೊಟ್ಟರೆ ಐಸಿಸಿ ನಿಯಮದಲ್ಲಿ ಅದು ಅಪರಾಧ. ಕಳೆದ ವರ್ಷದ ಸ್ಟಾಫ್ ಇನ್ನೂ ಇರುವ ಗ್ರೂಪಿನಲ್ಲಿ ಆಡುವ ಹನ್ನೊಂದು ಜನರ ಪಟ್ಟಿ ಹಾಕುವುದು ಎಷ್ಟು ಅಪಾಯ ಯೋಚಿಸಿ. ಪ್ಲಾಟ್‌ಫಾರ್ಮ್ ಆದರೆ ತಂಡ ಬಿಟ್ಟವರ ಖಾತೆಯನ್ನು ಅವತ್ತೇ ಮುಚ್ಚಬಹುದು. ಅದರ ಜೊತೆ ಹಳೆಯ ಮಾತುಗಳೂ ಅವರಿಗೆ ಸಿಗದಂತಾಗುತ್ತದೆ.

ಗಾಯದ ಮಾಹಿತಿಗೆ ಬೇರೆ ಬೀಗ ಇರಲಿ. ಡಾಕ್ಟರ್, ಫಿಸಿಯೋ, ಆ ಆಟಗಾರ, ಇಷ್ಟೇ ಜನ. ಕೋಚ್‌ಗೆ ಬೇಕಾದ್ದು "ಆಡಬಹುದು", "ಆಡಬಾರದು", "ಅರ್ಧ ಅಭ್ಯಾಸ" ಅನ್ನುವ ಮೂರರಲ್ಲಿ ಒಂದು. ಎಂಆರ್‌ಐ ಫೋಟೋ ಎಲ್ಲರ ಮುಂದೆ ಹಾಕುವುದು ಆ ಹುಡುಗನ ಮರ್ಯಾದೆಗೂ ಕೆಲಸಕ್ಕೂ ಕೆಟ್ಟದ್ದು. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆಯೂ ಒಪ್ಪಿಗೆಗೆ ಬೆಲೆ ಕೊಡುತ್ತದೆ.

ಪಂದ್ಯದ ದಿನ ಇದ್ಯಾವುದೂ ನಡೆಯುವುದಿಲ್ಲ, ಗೊತ್ತಲ್ಲ? ದೊಡ್ಡ ಮಟ್ಟದ ಕ್ರಿಕೆಟ್‌ನಲ್ಲಿ ಆಟಗಾರರು ಡ್ರೆಸ್ಸಿಂಗ್ ರೂಮಿಗೆ ಮೊಬೈಲ್ ಒಯ್ಯುವಂತಿಲ್ಲ. ಹಾಗಾಗಿ ಹೇಳುವುದನ್ನೆಲ್ಲ ಹೋಟೆಲ್ ಬಿಡುವ ಮೊದಲೇ ಹೇಳಿ ಮುಗಿಸಬೇಕು. ಬೇಕಾದ ಒಂದು ಹಾಳೆ ಪ್ರಿಂಟ್ ತೆಗೆದುಕೊಂಡು ಹೋಗಬೇಕು.

ಈಗ ಕಷ್ಟದ ಭಾಗ. ಜನ ಅದನ್ನು ಬಳಸಬೇಕಲ್ಲ?

ಇಪ್ಪತ್ತು ಚಾನೆಲ್ (ಆ್ಯಪ್ ಒಳಗೆ ಒಂದೊಂದು ವಿಷಯಕ್ಕೆ ಒಂದೊಂದು ಮಾತಿನ ಜಾಗ) ತೆರೆದು, ಒಂದು ಪಿಪಿಟಿ ತೋರಿಸಿ, "ನಾಳೆಯಿಂದ ಎಲ್ಲ ಇದರಲ್ಲೇ" ಅಂದರೆ ನಾಲ್ಕು ದಿನದಲ್ಲಿ ಎಲ್ಲರೂ ವಾಟ್ಸ್‌ಆ್ಯಪ್‌ಗೆ ವಾಪಸ್. ಅದರ ಬದಲು ಬಸ್ಸಿನ ಸಮಯ ಒಂದನ್ನೇ ಮೊದಲು ಅಲ್ಲಿಗೆ ಒಯ್ಯಿರಿ. ಕ್ಯಾಂಪಿಗೆ ಎರಡು ವಾರ ಮುಂಚೆಯೇ ಶುರು ಮಾಡಿ. ಬಸ್ ಎಷ್ಟಕ್ಕೆ ಅಂತ ಅಲ್ಲಿ ಮಾತ್ರ ಸಿಗಬೇಕು, ಬೇರೆ ಎಲ್ಲೂ ಸಿಗಬಾರದು. ವಾಟ್ಸ್‌ಆ್ಯಪ್ ಗ್ರೂಪ್ ಇರಲಿ, ಕೇಕಿನ ಚಿತ್ರ ಅಲ್ಲಿ ಹಾಕಿಕೊಳ್ಳಲಿ, ಅದೂ ಬೇಕು. ಹತ್ತು ದಿನ ಆದಮೇಲೆ ಅಭ್ಯಾಸದ ಪಟ್ಟಿ, ಆಮೇಲೆ ವಿಡಿಯೋ.

ಹೆಡ್ ಕೋಚ್ ತಾವೇ ಅಲ್ಲಿ ಬರೆಯಬೇಕು. ಅವರು ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳುತ್ತಾ ಹೋದರೆ ಆ ಆ್ಯಪ್ ಯಾರೂ ತೆರೆಯುವುದಿಲ್ಲ. ನಾನು ಕಂಡ ಹಾಗೆ ಸೋಲುವುದು ಇಲ್ಲಿಯೇ. ಎಲ್ಲರ ಫೋನ್ ಒಟ್ಟಿಗೆ ಬಾರಿಸುವ ಅಧಿಕಾರ ಇಬ್ಬರಿಗೆ ಸಾಕು, ಮ್ಯಾನೇಜರ್ ಮತ್ತು ಕೋಚ್. ರಾತ್ರಿ 10ರ ನಂತರ ಸುಮ್ನೆ ಏನೂ ಬೇಡ. ತುರ್ತು ಇದ್ದರೆ ಫೋನ್ ಮಾಡಲಿ.

ನಮ್ಮ ಕಡೆಯ ಒಂದು ವಿಷಯ ಬಹಳ ಮುಖ್ಯ. ಇಲ್ಲಿಯ ಒಂದು ತಂಡದಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಎಲ್ಲ ಇರುತ್ತವೆ. ಮಾತು ಚೆನ್ನಾಗಿ ಬಂದರೂ ಟೈಪ್ ಮಾಡಲು ಹಿಂಜರಿಯುವವರು ಜಾಸ್ತಿ. ಚಾನೆಲ್ ಹೆಸರು ಕನ್ನಡದಲ್ಲಿರಲಿ: ಪ್ರಯಾಣ, ಅಭ್ಯಾಸ, ಕಿಟ್, ಊಟ. ವಾಯ್ಸ್ ಮೆಸೇಜ್ ಮುಕ್ತವಾಗಿ ಬಿಡಿ. ಪಿಚ್ ನೋಡಿಕೊಳ್ಳುವ ಹಿರಿಯರ ಪಕ್ಕ ಒಬ್ಬ ಹುಡುಗ ಅರ್ಧ ಗಂಟೆ ಕೂತು, ಅವರ ಫೋನಿನಲ್ಲೇ ಹಾಕಿಕೊಡಲಿ. ಸ್ಟೋರೇಜ್ ತುಂಬಿದ್ದರೆ ಖಾಲಿ ಮಾಡಿಕೊಡಲಿ.

[ದೃಶ್ಯ: ಖಾಲಿ ಡ್ರೆಸ್ಸಿಂಗ್ ರೂಮ್, ಕಟ್ಟಿಟ್ಟ ಕಿಟ್ ಬ್ಯಾಗ್‌ಗಳು]

ಕೊನೆಯ ಪಂದ್ಯ ಮುಗಿದ ಸಂಜೆ ಯಾರನ್ನೂ ತಕ್ಷಣ ಊರಿಗೆ ಕಳಿಸಬೇಡಿ. ಒಂದು ತಾಸು ಕೂಡಿಸಿ. ಈ ಸಲ ಏನು ಸರಿಯಾಯಿತು, ಏನು ಕೆಟ್ಟಿತು ಅಂತ ಎಲ್ಲರೂ ಒಂದೊಂದು ವಾಯ್ಸ್ ಮೆಸೇಜ್ ಹಾಕಲಿ. ನಾಯಕನಿಂದ ಶುರು ಮಾಡಿದರೆ ಉಳಿದವರು ಅವನ ಮಾತನ್ನೇ ಹೇಳುತ್ತಾರೆ. ಕಿಟ್ ನೋಡಿಕೊಳ್ಳುವವರಿಂದ ಶುರು ಮಾಡಿ. ಯಾವ ಬ್ಯಾಗಿನ ಜಿಪ್ ಹರಿದಿದೆ, ಯಾವ ಹುಡುಗ ಮೂರು ದಿನದಿಂದ ಒಂದೇ ಜೊತೆ ಗ್ಲೌಸ್‌ನಲ್ಲಿ ಆಡುತ್ತಿದ್ದಾನೆ, ಅವರಿಗೆ ಗೊತ್ತಿರುತ್ತದೆ.