ಫೋಟೋದಲ್ಲಿ ಅಜ್ಜಿಯ ಮೂಗು ಯಾಕೆ ದೊಡ್ಡದಾಗುತ್ತದೆ?

[ತೆರೆಯ ಮೇಲೆ: ಒಂದೇ ಮುಖದ ಎರಡು ಫೋಟೋ, ಅಕ್ಕಪಕ್ಕ]

ಈ ಎರಡು ಫೋಟೋ ನೋಡಿ. ಒಬ್ಬರದೇ ಮುಖ, ಒಂದೇ ಫೋನು, ಒಂದೇ ಬೆಳಕು. ಎಡಗಡೆ ಮೂಗು ಮುಂದೆ ನುಗ್ಗಿದೆ, ಕಿವಿ ಹಿಂದೆ ಅಡಗಿದೆ. ಬಲಗಡೆ ಇರೋದು ನಾವು ದಿನಾ ನೋಡುವ ಮುಖ. ಎರಡರ ನಡುವೆ ಬದಲಾಗಿದ್ದು ಒಂದೇ ಒಂದು ಸಂಗತಿ.

ಕೊಪ್ಪಳದಲ್ಲಿ ಡಿಗ್ರಿ ಓದುವ ವಿದ್ಯಾರ್ಥಿನಿಯೊಬ್ಬರು ಕೇಳಿದ್ದಾರೆ: "ಅಣ್ಣಾ, ನಮ್ಮ ಅಜ್ಜಿ ಎದುರಿಗೆ ಎಷ್ಟು ಚೆಂದ ಕಾಣ್ತಾಳ. ಫೋನಿನ್ಯಾಗ ತೆಗೆದ್ರ ಮೂಗಷ್ಟ ಕಾಣ್ತೈತಿ. ಹೊಸಾ ಕ್ಯಾಮೆರಾ ತಗೋಬೇಕೇನು?"

ತಂಗಿ, ಈಗಲೇ ಏನೂ ತಗೋಬೇಡ. ಮೊದಲು ಈ ವಿಡಿಯೋ ನೋಡು.

ಶಟರ್, ಅಪರ್ಚರ್, ಐಎಸ್‌ಒ ಬಗ್ಗೆ ಬೇಕಾದಷ್ಟು ವಿಡಿಯೋ ಇವೆ. ಫೋಟೋ ಎಷ್ಟು ಬೆಳ್ಳಗಿರಬೇಕು ಅನ್ನೋದನ್ನು ಆ ಮೂರೂ ಸೇರಿ ತೀರ್ಮಾನ ಮಾಡುತ್ತವೆ. ಫೋನಿನಲ್ಲಿ ಆ ಕೆಲಸ ತಾನಾಗೇ ನಡೆಯುತ್ತದೆ. ಹಾಗಾಗಿ ಅದನ್ನು ಬಿಟ್ಟು ಮುಂದೆ ಹೋಗೋಣ.

ಈಗ ಮೂಗಿನ ಲೆಕ್ಕ. ನಮ್ಮ ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂಟಿಮೀಟರ್ ಅಂತರ ಅಂದುಕೊಳ್ಳಿ. ಫೋನನ್ನು ಮುಖದಿಂದ 30 ಸೆಂಟಿಮೀಟರ್ ದೂರ ಹಿಡಿದರೆ ಮೂಗು 30ರಲ್ಲಿ ಇರುತ್ತದೆ, ಕಿವಿ 42ರಲ್ಲಿ. ಹತ್ತಿರ ಇದ್ದದ್ದು ದೊಡ್ಡದಾಗಿ ಕಾಣುತ್ತದೆ. 42ನ್ನು 30ರಿಂದ ಭಾಗಿಸಿದರೆ 1.4. ಅಂದರೆ ಕಿವಿಗೆ ಹೋಲಿಸಿದರೆ ಮೂಗು 40% ಉಬ್ಬುತ್ತದೆ. ಈಗ ಒಂದೂವರೆ ಮೀಟರ್ ಹಿಂದೆ ಬನ್ನಿ. ಮೂಗು 150, ಕಿವಿ 162. ಉಬ್ಬು ಬರೀ 8%. ಅದು ಕಣ್ಣಿಗೆ ಗೊತ್ತೇ ಆಗುವುದಿಲ್ಲ.

2018ರಲ್ಲಿ ಅಮೆರಿಕದ ವೈದ್ಯರು ಇಂಥದ್ದೇ ಒಂದು ಲೆಕ್ಕವನ್ನು ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 12 ಇಂಚು ದೂರದ ಸೆಲ್ಫಿಯಲ್ಲಿ ಮೂಗು ಸುಮಾರು 30% ಅಗಲವಾಗಿ ಕಾಣುತ್ತದೆ, 5 ಅಡಿ ದೂರದಲ್ಲಿ ಆ ವ್ಯತ್ಯಾಸ ಮಾಯವಾಗುತ್ತದೆ ಅಂದರು. ಸೆಲ್ಫಿ ನೋಡಿಕೊಂಡು ಮೂಗು ಸಣ್ಣ ಮಾಡಿಸಲು ಬರುವವರು ಜಾಸ್ತಿಯಾಗಿದ್ದರಿಂದ ಈ ಲೆಕ್ಕ ಹಾಕಬೇಕಾಯಿತು. ಎರಡು ಹೆಜ್ಜೆ ಹಿಂದೆ ಹೋದರೆ ಸರಿಹೋಗುವ ವಿಷಯಕ್ಕೆ ಆಪರೇಷನ್ ಮಾಡಿಸಿಕೊಳ್ಳಬೇಕಾ? ನನಗಂತೂ ಇದನ್ನು ಓದಿ ಸಂಕಟವಾಯಿತು.

"ಅದು ಲೆನ್ಸಿನ ದೋಷ ಅಲ್ವಾ? ಅಗಲ ನೋಡುವ ವೈಡ್ ಲೆನ್ಸ್ ಮುಖ ಎಳೆಯುತ್ತದೆ, ದೂರದ್ದನ್ನು ಹತ್ತಿರ ತೋರಿಸುವ 85 ಎಂಎಂ ಲೆನ್ಸ್ ಸರಿ ಮಾಡುತ್ತದೆ ಅಂತಾರಲ್ಲ?" ಬಹಳ ಜನ ಹೀಗೆ ಕೇಳುತ್ತಾರೆ. ಇದೇ ನನಗೆ ಎಲ್ಲಕ್ಕಿಂತ ಇಷ್ಟದ ವಿಷಯ. ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

[ತೆರೆಯ ಮೇಲೆ: ಆನೆಗೊಂದಿ ರಸ್ತೆ, ಹಿಂದೆ ಅಂಜನಾದ್ರಿ ಬೆಟ್ಟ]

ಆನೆಗೊಂದಿಯ ಹತ್ತಿರ ಅಂಜನಾದ್ರಿ ಕಾಣುತ್ತದೆ. ಬೆಟ್ಟ ಸುಮಾರು ಒಂದು ಕಿಲೋಮೀಟರ್ ದೂರ ಇರುವ ಕಡೆ ಗೆಳೆಯನನ್ನು ನಿಲ್ಲಿಸಿ. ಒಂದೂವರೆ ಮೀಟರ್ ದೂರದಿಂದ ಫೋಟೋ ತೆಗೆಯಿರಿ. ಗೆಳೆಯ ದೊಡ್ಡದಾಗಿ ಬಂದ. ಬೆಟ್ಟ ಅವನ ಭುಜದ ಹತ್ತಿರ ಒಂದು ಸಣ್ಣ ದಿಬ್ಬ. ಅಷ್ಟೊಂದು ಮೆಟ್ಟಿಲಿದ್ದರೂ ಒಂದೂ ಕಾಣಲ್ಲ.

ಈಗ ಅವನು ಅಲ್ಲೇ ಇರಲಿ. ನೀವು ಅವನಿಂದ 6 ಮೀಟರ್ ದೂರ ಆಗುವ ತನಕ ಹಿಂದೆ ಹೋಗಿ. ಅವನಿಂದ ನಿಮ್ಮ ದೂರ ನಾಲ್ಕು ಪಟ್ಟಾಯಿತು, ಹಾಗಾಗಿ ಫೋಟೋದಲ್ಲಿ ಅವನು ಕಾಲು ಭಾಗಕ್ಕೆ ಇಳಿದ. ಬೆಟ್ಟ? ಒಂದು ಕಿಲೋಮೀಟರ್ ದೂರದ ಬೆಟ್ಟಕ್ಕೆ ನಿಮ್ಮ ಆರೇಳು ಹೆಜ್ಜೆ ಏನೇನೂ ಅಲ್ಲ. ಅದು ಇದ್ದಷ್ಟೇ ಇದೆ. ಈಗ 4 ಪಟ್ಟು ಝೂಮ್ ಮಾಡಿ. ಗೆಳೆಯ ಮೊದಲಿನ ಗಾತ್ರಕ್ಕೆ ಬಂದ. ಬೆಟ್ಟ ಮಾತ್ರ ನಾಲ್ಕು ಪಟ್ಟು ಬೆಳೆದು ಅವನ ಬೆನ್ನ ಹಿಂದೆಯೇ ಎದ್ದು ನಿಂತಿತು. ಮೆಟ್ಟಿಲ ಬಿಳಿ ಗೆರೆಯೂ ಕಾಣುತ್ತಿದೆ, ಮೇಲಿನ ಗುಡಿಯೂ ಕಾಣುತ್ತಿದೆ.

[ತೆರೆಯ ಮೇಲೆ: ಎರಡೂ ಫೋಟೋ ಮತ್ತೆ ಮತ್ತೆ ಬದಲಾಗುತ್ತವೆ]

ಮತ್ತೊಮ್ಮೆ ನೋಡಿ. ಬೆಟ್ಟವನ್ನು ಎಳೆದು ತಂದದ್ದು ಝೂಮ್ ಅಂತ ಅನಿಸುತ್ತದೆ, ಅಲ್ವಾ? ಆದರೆ ಆ 6 ಮೀಟರ್ ದೂರದಿಂದ ಝೂಮ್ ಇಲ್ಲದೆ ತೆಗೆದ ಫೋಟೋವನ್ನು ಕ್ರಾಪ್ ಮಾಡಿ ನೋಡಿ. ಅದೇ ಚಿತ್ರ, ಅದೇ ಬೆಟ್ಟ, ಅದೇ ಗಾತ್ರ. ಸ್ವಲ್ಪ ಮಸುಕಾಗಿರಬಹುದು ಅಷ್ಟೆ. ಅಂದರೆ ಗೆಳೆಯನಿಗೂ ಬೆಟ್ಟಕ್ಕೂ ಇರುವ ಅಳತೆ ನೀವು ಹೆಜ್ಜೆ ಹಿಂದೆ ಇಟ್ಟಾಗಲೇ ಬದಲಾಗಿದೆ. ಲೆನ್ಸ್ ಮಾಡಿದ್ದು ಬೇಡದ್ದನ್ನು ಅಂಚಿನಿಂದ ಕತ್ತರಿಸುವ ಕೆಲಸ ಮಾತ್ರ. ಫೋಟೋಗ್ರಾಫರುಗಳು ಇದಕ್ಕೆ ಲೆನ್ಸ್ ಕಂಪ್ರೆಶನ್ ಅಂತ ಹೆಸರಿಟ್ಟು, ಪಾಪ, ವಿದ್ಯಾರ್ಥಿಗಳ ತಲೆ ಕೆಡಿಸಿದ್ದಾರೆ.

ಮೂಗೂ ಕಿವಿಯೂ ಆ ಗೆಳೆಯ ಮತ್ತು ಬೆಟ್ಟ ಇದ್ದ ಹಾಗೇ. ಫೋನಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24ರಿಂದ 26 ಎಂಎಂ ಲೆನ್ಸಿನಷ್ಟು ಅಗಲ ನೋಡುತ್ತದೆ. ಅದರಲ್ಲಿ ಮುಖ ತುಂಬಿಸಬೇಕು ಅಂದರೆ ನಾವೇ ಮುಖದ ಹತ್ತಿರ ಹೋಗುತ್ತೇವೆ. ಮೂಗು ಉಬ್ಬುವುದು ಅಲ್ಲೇ. ಒಂದೂವರೆ ಎರಡು ಮೀಟರ್ ಹಿಂದೆ ನಿಂತು 2 ಪಟ್ಟು ಅಥವಾ 3 ಪಟ್ಟು ಝೂಮ್ ಇಡಿ. ಅಜ್ಜಿಯ ಮುಖ ಅಜ್ಜಿಯ ಮುಖವಾಗಿಯೇ ಬರುತ್ತದೆ.

ನಿಂತ ಜಾಗ ಎಷ್ಟು ಮುಖ್ಯ ಅನ್ನೋದಕ್ಕೆ ನಮ್ಮ ಸೀಮೆಯದೇ ಒಂದು ಕಥೆ ಇದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಬ್ರಿಟಿಷ್ ಸೇನಾಧಿಕಾರಿ ಹಂಪಿಯ ಫೋಟೋ ತೆಗೆದ. ಮೇಣ ಹಚ್ಚಿದ ಕಾಗದವೇ ನೆಗೆಟಿವ್. 1983ರಲ್ಲಿ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗೋಲಿಂಗ್ಸ್ ಅವನು ನಿಂತಿದ್ದ ಜಾಗಗಳನ್ನೇ ಹುಡುಕಿ ಅವೇ ಫೋಟೋ ಮತ್ತೆ ತೆಗೆದರು. ಇಂಥ ಜಾಗ ಹುಡುಕುವುದು ಹೇಗೆ ಗೊತ್ತಾ? ಹಳೇ ಫೋಟೋದಲ್ಲಿ ಮುಂದಿನ ಕಂಬ ಹಿಂದಿನ ಗೋಪುರವನ್ನು ಎಷ್ಟು ಮುಚ್ಚಿದೆ ಅಂತ ನೋಡುತ್ತಾ ಹೋಗಬೇಕು. ಒಂದು ಹೆಜ್ಜೆ ತಪ್ಪಿದರೂ ಕಂಬ ಸರಿಯುತ್ತದೆ. ಯಾವ ಲೆನ್ಸ್ ಹಾಕಿದರೂ ಆ ತಪ್ಪು ಮುಚ್ಚಿಹೋಗುವುದಿಲ್ಲ.

ಈಗ ಬೆಳಕು. ರಾಯಚೂರಿನ ಏಪ್ರಿಲ್ ಮಧ್ಯಾಹ್ನ ನೆನೆಸಿಕೊಳ್ಳಿ. 40 ಡಿಗ್ರಿ ದಾಟಿದ ಬಿಸಿಲು ನೆತ್ತಿಯ ಮೇಲೆ. ಈ ಬಿಸಿಲಲ್ಲಿ ಯಾರನ್ನು ನಿಲ್ಲಿಸಿದರೂ ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು, ಹಣೆ ಮೇಲೆ ಹೊಳಪು. "ಬೆಳಗ್ಗೆ ಸಂಜೆ ಮಾತ್ರ ತೆಗೆಯಿರಿ" ಅನ್ನುವ ಸಲಹೆ ಕ್ಲಾಸಿದ್ದವರಿಗೆ ಉಪಯೋಗಕ್ಕೆ ಬರುವುದಿಲ್ಲ. ನನ್ನ ಸಲಹೆ ಬೇರೆ. ಮನೆಯ ತಲಬಾಗಿಲೇ ಸ್ಟುಡಿಯೋ.

[ತೆರೆಯ ಮೇಲೆ: ಹಳೇ ಮನೆಯ ಬಾಗಿಲು, ಒಳಗೆ ಅಜ್ಜ]

ಅಜ್ಜನನ್ನು ಹೊಸ್ತಿಲ ಒಳಗೆ, ಬಿಸಿಲು ಮುಟ್ಟದ ಕಡೆ ಕೂರಿಸಿ. ಮುಖ ಹೊರಗಡೆಗೆ ಇರಲಿ. ಆಕಾಶದ ಬೆಳಕು, ಅಂಗಳದ ನೆಲದಿಂದ ಪುಟಿದ ಬೆಳಕು ಎರಡೂ ಆ ಬಾಗಿಲಿನಿಂದ ಮೆತ್ತಗೆ ಮುಖಕ್ಕೆ ಬೀಳುತ್ತವೆ. ಬಾಗಿಲಿನಿಂದ ಒಳಗೆ ಹೋದಷ್ಟೂ ಬೆಳಕು ಬೇಗ ಕಡಿಮೆಯಾಗುತ್ತದೆ. ಹಾಗಾಗಿ ಹಿಂದಿನ ಕೋಣೆ ತಾನಾಗೇ ಕಪ್ಪಾಗುತ್ತದೆ. ಪರದೆ ಬೇಡ, ಫ್ಲ್ಯಾಶ್ ಬೇಡ. ಆದರೆ ಅಜ್ಜ ಮೂರು ಹೆಜ್ಜೆ ಒಳಗೆ ಕೂತರೆ ಈ ಆಟ ನಡೆಯುವುದಿಲ್ಲ. ಮುಖವೂ ಮಂಕು, ಕೋಣೆಯೂ ಮಂಕು, ಫೋಟೋ ತುಂಬಾ ಕಾಳುಕಾಳು.

ಇನ್ನು ಅಜ್ಜನ ಮುಖವನ್ನು ಬಾಗಿಲಿನಿಂದ ನಿಧಾನವಾಗಿ ಪಕ್ಕಕ್ಕೆ ತಿರುಗಿಸಿ. ಮೂಗಿನ ನೆರಳು ಆಚೆ ಕೆನ್ನೆಯ ನೆರಳಿಗೆ ತಾಗುವಾಗ, ಆ ಕಡೆಯ ಕಣ್ಣಿನ ಕೆಳಗೆ ಬೆಳಕಿನ ಸಣ್ಣ ತ್ರಿಕೋನ ಉಳಿಯುತ್ತದೆ. ಅಲ್ಲಿಗೆ ನಿಲ್ಲಿಸಿ. 17ನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ ಹೆಸರಿನಲ್ಲಿ ಈ ಬೆಳಕನ್ನು ಕರೆಯುತ್ತಾರೆ.

ಫೋಟೋ ತೆಗೆದ ಮೇಲೆ ಕಣ್ಣಿನ ಹತ್ತಿರ ಝೂಮ್ ಮಾಡಿ ನೋಡಿ. ಕರಿ ಗುಡ್ಡೆಯ ಮೇಲೆ ಒಂದು ಬಿಳಿ ಚೌಕ ಇರುತ್ತದೆ. ಅದು ಬಾಗಿಲು. ಅದರ ಚೌಕಟ್ಟು ಕಾಣುತ್ತದೆ. ಆ ಚೌಕದ ನಡುವೆ ಒಂದು ಕಪ್ಪು ಆಕಾರ, ಅದು ನೀವು. ಆ ಬಿಳಿ ಚುಕ್ಕೆ ಇಲ್ಲದಿದ್ದರೆ ಕಣ್ಣು ಸತ್ತ ಹಾಗೆ ಕಾಣುತ್ತದೆ. ಪೋರ್ಟ್ರೇಟ್ ಕಲಿಯುವವರು ಮೊದಲು ಇದನ್ನು ನೋಡಲು ಕಲಿಯಬೇಕು ಅಂತ ನನ್ನ ಅಭಿಪ್ರಾಯ. ಉಳಿದದ್ದೆಲ್ಲ ಆಮೇಲೆ.

ಒಂದು ಎಚ್ಚರಿಕೆ. ನಮ್ಮ ಕಡೆ ಅಜ್ಜಂದಿರು ಬಿಳಿ ರುಮಾಲು ಸುತ್ತುತ್ತಾರೆ. ಹಿಂದೆ ಕತ್ತಲೆ ಇದ್ದರೆ ಫೋನು ಫೋಟೋವನ್ನು ಬೆಳಗಿಸಲು ಹೋಗಿ ರುಮಾಲಿನ ಮಡಿಕೆಗಳನ್ನೆಲ್ಲ ಸುಟ್ಟುಹಾಕುತ್ತದೆ. ಪೂರ್ತಿ ಬಿಳಿಯಾದ ಜಾಗದಲ್ಲಿ ಆಮೇಲೆ ಏನನ್ನೂ ವಾಪಸ್ ತರಲಾಗದು. ಫೋನಿನ ತೆರೆಯ ಮೇಲೆ ಮುಖವನ್ನು ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ, ಮಡಿಕೆ ಕಾಣುವ ತನಕ. ಮುಖ ತುಸು ಕಪ್ಪಾದರೆ ಪರವಾಗಿಲ್ಲ, ಆಮೇಲೆ ಬೆಳಗಿಸಬಹುದು.

ಟೈಮ್ ಆಗುತ್ತಿದೆ. ಕಂಪೋಸಿಷನ್, ಅಂದರೆ ಫ್ರೇಮಿನಲ್ಲಿ ಯಾವುದನ್ನು ಎಲ್ಲಿ ಇಡಬೇಕು ಅನ್ನೋದರ ಬಗ್ಗೆ ಬೇಗ ಬೇಗ ಹೇಳುತ್ತೇನೆ.

ಫ್ರೇಮನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಭಾಗ ಮಾಡಿ, ಮುಖ್ಯವಾದದ್ದನ್ನು ಆ ಗೆರೆಗಳ ಮೇಲೆ ಇಡಿ ಅನ್ನುವ ಮೂರು ಭಾಗದ ನಿಯಮವನ್ನು ದೇವರ ವಾಕ್ಯ ಮಾಡಿಕೊಳ್ಳಬೇಡಿ. ಆ ಹೆಸರು ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ 1797ರಲ್ಲಿ ಬರೆದದ್ದು. ಅದು ಹಳ್ಳಿಗಾಡಿನ ಚಿತ್ರ ಬರೆಯುವವರಿಗೆ ಹೇಳಿದ ಮಾತು. ಆಗ ಫೋಟೋ ತೆಗೆಯುವ ಕ್ಯಾಮೆರಾವೇ ಹುಟ್ಟಿರಲಿಲ್ಲ. ಕಣ್ಣು ಮೇಲಿನ ಗೆರೆಯ ಆಸುಪಾಸು ಇದ್ದರೆ ಚೆನ್ನಾಗಿರುತ್ತದೆ, ಅಷ್ಟು ಸಾಕು. ನೋಡುವ ದಿಕ್ಕಿಗೆ ಜಾಗ ಬಿಡಿ. ಅಜ್ಜ ಕಟ್ಟೆ ಮೇಲೆ ಕೂತಿದ್ದರೆ ನಿಂತು ತೆಗೆಯಬೇಡಿ, ಅವರ ಕಣ್ಣಿನ ಮಟ್ಟಕ್ಕೆ ಇಳಿಯಿರಿ. ತಲೆಯ ಹಿಂದೆ ಕರೆಂಟ್ ಕಂಬ ಬಂದರೆ ಕಂಬ ಅಳಿಸುವ ಆ್ಯಪ್ ಹುಡುಕಬೇಡಿ, ಒಂದು ಹೆಜ್ಜೆ ಪಕ್ಕಕ್ಕೆ ಹೋಗಿ. ಮಣಿಕಟ್ಟು, ಮೊಣಕಾಲಿನ ಹತ್ತಿರ ಫ್ರೇಮ್ ಕತ್ತರಿಸಬೇಡಿ.

ಕ್ಯಾಮೆರಾ ಎತ್ತಿದ ಕೂಡಲೇ ಹಿರಿಯರು ಆಧಾರ್ ಫೋಟೋಗೆ ಕೂತ ಹಾಗೆ ಸೆಟೆದು ಕೂರುತ್ತಾರೆ. "ನಗ್ರಿ, ನಗ್ರಿ" ಅನ್ನಬೇಡಿ. ಕೈಗೆ ಕೆಲಸ ಇರಲಿ. ಕೊಪ್ಪಳದ ಹತ್ತಿರ ಕಿನ್ನಾಳದಲ್ಲಿ ಗೊಂಬೆಗೆ ಬಣ್ಣ ಹಚ್ಚುವವರನ್ನು ನೋಡಿ. ಕುಂಚದ ತುದಿ ಗೊಂಬೆಯ ಕಣ್ಣಿಗೆ ತಾಗುವಾಗ ಅವರ ತುಟಿ ತಾನಾಗೇ ಬಿಗಿಯುತ್ತದೆ. ಕ್ಯಾಮೆರಾ ಮರೆತ ಮುಖ ಅದು. ಆದರೆ ಮೊದಲು ಕೇಳಿ. "ಅಜ್ಜಾ, ಒಂದು ಫೋಟೋ ತೆಗೀಲೇನ್ರಿ?" ಬೇಡ ಅಂದರೆ ಬೇಡ. ಸಂತೆಯಲ್ಲಿ ತರಕಾರಿ ಮಾರುವ ಅವ್ವನಿಗೂ ಈ ಮಾತು ಅಷ್ಟೇ ಸಲ್ಲುತ್ತದೆ.

ಕೊನೆಗೆ ಪ್ರಿಂಟ್. ತೆಗೆಸಿಕೊಂಡವರಿಗೆ ಒಂದು ಪ್ರಿಂಟ್ ಕೊಡಲೇಬೇಕು, ಇದರಲ್ಲಿ ನನಗೆ ರಾಜಿ ಇಲ್ಲ. 12 ಮೆಗಾಪಿಕ್ಸೆಲ್ ಫೋಟೋ 8ಕ್ಕೆ 10 ಇಂಚಿನ ಪ್ರಿಂಟಿಗೆ ಧಾರಾಳ ಸಾಕು. ಜಾಸ್ತಿ ಕ್ರಾಪ್ ಮಾಡಿದ್ದರೆ 4ಕ್ಕೆ 6ರಲ್ಲಿ ಮಾಡಿಸಿ. ಸ್ಟುಡಿಯೋದವರಿಗೆ ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ.