ಆರು ಗಜದ ಸೀರೆ, ಎರಡು ಉಸಿರು

ಆತ್ಮೀಯ ಕೇಳುಗರೇ, ನಮಸ್ಕಾರ.

ನಾನು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಾಲಾ ಶಿಕ್ಷಕಿ. ವಿಶ್ವೇಶ್ವರಯ್ಯ ನಾಲೆಯ ಒಂದು ಕವಲು ನಮ್ಮೂರನ್ನು ಬಳಸಿಕೊಂಡು ಹರಿಯುತ್ತದೆ. ಕನ್ನಂಬಾಡಿ ಕಟ್ಟೆಯಿಂದ ಬರುವ ಆ ನೀರಿನಿಂದಲೇ ನಮ್ಮ ಗದ್ದೆ, ನಮ್ಮ ಕಬ್ಬು, ನಮ್ಮ ಊಟ. ಅದೇ ನೀರು ನಮ್ಮವರನ್ನು ಕೊಂಡೊಯ್ದದ್ದೂ ಉಂಟು. 2018ರ ನವೆಂಬರ್ 24ರಂದು ಕನಗನಮರಡಿಯ ಬಳಿ ಬಸ್ಸೊಂದು ನಾಲೆಗೆ ಉರುಳಿ 30 ಜನ ತೀರಿಕೊಂಡರು. ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳಿದ್ದರು. ಆ ಶನಿವಾರವನ್ನು ನಮ್ಮ ಕಡೆಯವರು ಯಾರೂ ಮರೆತಿಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಅದೇ ನೀರಿನಿಂದ ಬದುಕಿ ಬಂದ ಒಬ್ಬ ಹುಡುಗನ ವಿಷಯ. ಅವನು ನಮ್ಮೂರಿನವನಲ್ಲ, ನನಗೆ ಪರಿಚಯದವನೂ ಅಲ್ಲ.

ಅಂದು ಭಾನುವಾರ. ಕಟ್ಟು ನೀರು, ಅಂದರೆ ಸರದಿಯಂತೆ ನಾಲೆಗೆ ಹರಿಸುವ ನೀರು, ಬಿಟ್ಟು ಮೂರು ದಿನವಾಗಿತ್ತು. ನಾಲೆ ಅಂಚಿನವರೆಗೆ ತುಂಬಿ ಹರಿಯುತ್ತಿತ್ತು. ನಾನು ಸೋಪಾನಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಏರಿಯ ಮೇಲೆ ಬೈಕು ನಿಂತ ಸದ್ದಾಯಿತು. ಯಾರೋ ಮುಖ ತೊಳೆಯಲು ಇಳಿಯುತ್ತಿದ್ದಾರೆ ಎಂದುಕೊಂಡು ನನ್ನ ಕೆಲಸ ಮುಂದುವರಿಸಿದೆ. ಸ್ವಲ್ಪ ಹೊತ್ತಿಗೆ ತಲೆ ಎತ್ತಿ ನೋಡಿದರೆ ಮೇಲಿನ ಮೆಟ್ಟಿಲಿನಲ್ಲಿ ಒಂದು ಜೊತೆ ಚಪ್ಪಲಿ ಮಾತ್ರ ಇತ್ತು. ಮನುಷ್ಯ ಇರಲಿಲ್ಲ.

ಮುಳುಗುವವರು ಕೈ ಬೀಸಿ ಕಿರುಚುತ್ತಾರೆ ಎಂದು ನಾವೆಲ್ಲ ನಂಬಿದ್ದೇವೆ. ಅವನು ಕೂಗಲೇ ಇಲ್ಲ. ಕೂಗಲು ಉಸಿರು ಬೇಕು. ಅವನಿಗೆ ಉಸಿರಾಡುವುದಕ್ಕೇ ಬಿಡುವಿರಲಿಲ್ಲ. ಕೆಳಗಡೆ ಹತ್ತಾರು ಅಡಿ ದೂರದಲ್ಲಿ ಅವನ ತಲೆ ಹಿಂದಕ್ಕೆ ವಾಲಿತ್ತು. ಬಾಯಿ ನೀರಿನ ಮಟ್ಟಕ್ಕೆ ಬರುತ್ತಿತ್ತು, ಒಳಗೆ ಹೋಗುತ್ತಿತ್ತು. ಏಣಿ ಹತ್ತುವವನಂತೆ ಎರಡೂ ಕೈಗಳಿಂದ ನೀರನ್ನು ಕೆಳಕ್ಕೆ ಒತ್ತುತ್ತಿದ್ದ. ಪಾಚಿ ಕಟ್ಟಿದ ಕಾಂಕ್ರೀಟಿನ ಇಳಿಜಾರಿನಲ್ಲಿ ಹಿಡಿದುಕೊಳ್ಳಲು ಒಂದು ಹುಲ್ಲುಗರಿಯೂ ಇಲ್ಲ.

ನಾನು ಕೂಗಿಕೊಂಡೆ. ಗದ್ದೆಯಿಂದ ಒಬ್ಬ ಹುಡುಗ ಓಡಿಬಂದ. ಬಂದವನೇ ಅಂಗಿ ಬಿಚ್ಚುತ್ತಾ, "ಬಿಡಿ ಅಕ್ಕ, ನಾನು ಇಳಿಯುತ್ತೇನೆ" ಎಂದ.

"ಇಳಿಯಬೇಡ ಕಣಪ್ಪ, ಇಳಿಯಬೇಡ" ಎಂದು ಅವನ ತೋಳು ಹಿಡಿದುಕೊಂಡೆ. ನನ್ನ ತವರಿನಲ್ಲಿ ಹೀಗೆಯೇ ಕೆರೆಗೆ ಹಾರಿದ್ದ ಒಬ್ಬ ಯುವಕ ವಾಪಸ್ ಬರಲಿಲ್ಲ. ಮುಳುಗುತ್ತಿದ್ದವನು ಅವನ ಕೊರಳು ತಬ್ಬಿಕೊಂಡಿದ್ದ. ಇಬ್ಬರನ್ನೂ ಒಟ್ಟಿಗೇ ಮೇಲೆತ್ತಿದರು. ಈಜು ಬರುತ್ತದೆ ಎಂಬುದೊಂದೇ ಧೈರ್ಯದಿಂದ ನೀರಿಗಿಳಿಯುವುದು ನಮ್ಮಲ್ಲಿ ಒಂದು ಸಾವನ್ನು ಎರಡು ಮಾಡುತ್ತಲೇ ಬಂದಿದೆ. ಈ ಮಾತನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ.

ಕೈಯಲ್ಲಿದ್ದದ್ದು ಒಗೆಯುತ್ತಿದ್ದ ನೂಲಿನ ಸೀರೆ. ಒಂದು ತುದಿಯನ್ನು ಎಸೆದೆ. ಗಾಳಿಗೆ ಬಿಚ್ಚಿಕೊಂಡು ನಡುವೆಯೇ ಬಿತ್ತು. ಎಳೆದುಕೊಂಡು ತುದಿಗೆ ದಪ್ಪನೆಯ ಗಂಟು ಹಾಕಿದೆ. ಒದ್ದೆ ಗಂಟಿಗೆ ಕಲ್ಲಿನಷ್ಟು ತೂಕ. ಏರಿಯ ಮೇಲೆ ಓಡಿ ಅವನಿಗಿಂತ ಸ್ವಲ್ಪ ಮುಂದಕ್ಕೆ ಹೋಗಿ ಮತ್ತೆ ಎಸೆದೆ. ಈ ಸಲ ಅವನ ಭುಜದ ಮೇಲೆ ಬಿತ್ತು. ಅವನು ಅದನ್ನು ಹಿಡಿದುಕೊಂಡ ರೀತಿ ನನ್ನ ಅಂಗೈಗೆ ಇನ್ನೂ ನೆನಪಿದೆ. ನಾನು ನೆಲಕ್ಕೆ ಬೋರಲು ಮಲಗಿದೆ, ಗದ್ದೆಯ ಹುಡುಗ ನನ್ನ ಕಾಲುಗಳ ಮೇಲೆ ಕುಳಿತು ಸೀರೆಗೆ ಕೈಹಾಕಿದ. ನಿಂತುಕೊಂಡು ಎಳೆದಿದ್ದರೆ ನಾವೂ ಒಳಗೆ ಜಾರುತ್ತಿದ್ದೆವು.

2020ರ ಆಗಸ್ಟ್‌ನಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಜಲಾಶಯದಲ್ಲಿ ಮೂವರು ಹೆಣ್ಣುಮಕ್ಕಳು ಉಟ್ಟ ಸೀರೆಗಳನ್ನೇ ಬಿಚ್ಚಿ ಎಸೆದು ಇಬ್ಬರು ಯುವಕರನ್ನು ಉಳಿಸಿದ್ದರು. ನೀರಿಗೆ ಬಿದ್ದ ನಾಲ್ವರಲ್ಲಿ ಇನ್ನಿಬ್ಬರು ಉಳಿಯಲಿಲ್ಲ. ಆ ಸುದ್ದಿ ಓದಿದಾಗ ನಾನು ಕಣ್ಣೀರು ಹಾಕಿದ್ದೆ. ಅದು ನನ್ನ ಕೈಗೂ ಬರುತ್ತದೆ ಎಂದುಕೊಂಡಿರಲಿಲ್ಲ.

ದಡಕ್ಕೆ ಬರುವಷ್ಟರಲ್ಲಿ ಅವನ ಹಿಡಿತ ಸಡಿಲಿತ್ತು. ಆದರೆ ಸೀರೆ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದರಿಂದ ಅವನು ಕೈತಪ್ಪಲಿಲ್ಲ. ಮೇಲಕ್ಕೆಳೆದು ಮಲಗಿಸಿದೆವು. ತುಟಿ ನೀಲಿಗಟ್ಟಿತ್ತು. ಎದೆ ಏರಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಜನ ಸೇರಿದ್ದರು. ಒಬ್ಬ ಹಿರಿಯರು, "ಟೀಚರಮ್ಮ, ಬೋರಲು ಹಾಕಿ ಹೊಟ್ಟೆ ಒತ್ತಿಸಿ, ನೀರು ಹೋಗಲಿ" ಎಂದರು. ಇನ್ನೊಬ್ಬರು ಕಾಲು ಹಿಡಿದು ತಲೆಕೆಳಗು ಮಾಡಿ ಎಂದರು. ಅವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಹೊಟ್ಟೆ ಒತ್ತಿದರೆ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ಇರುವ ನಾಲ್ಕು ನಿಮಿಷವೂ ಕಳೆದುಹೋಗುತ್ತದೆ. ಉಸಿರು ನಿಂತು ಅಷ್ಟು ಹೊತ್ತಾದರೆ ಮೆದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ನಮ್ಮ ಶಾಲೆಗೆ ಬಂದಿದ್ದ ಅಗ್ನಿಶಾಮಕ ದಳದವರು ಒಂದೇ ಮಾತನ್ನು ಮೂರು ಸಲ ಹೇಳಿದ್ದರು: ನೀರಿನಲ್ಲಿ ಮುಳುಗಿದವರಿಗೆ ಮೊದಲು ಬೇಕಾದದ್ದು ಉಸಿರು.

"ಬೇಡ ದೊಡ್ಡಯ್ಯ, ದಯವಿಟ್ಟು 108ಕ್ಕೆ ಫೋನ್ ಮಾಡಿಸಿ" ಎಂದೆ.

ಆಮೇಲೆ ಒಂದು ಕ್ಷಣ ನಾನು ತಡೆದೆ. ಇದನ್ನು ಮುಚ್ಚಿಡುವುದಿಲ್ಲ. ಸುತ್ತ ಊರಿನ ಗಂಡಸರು ನಿಂತಿದ್ದಾರೆ, ಮಲಗಿರುವವನು ಅಪರಿಚಿತ ಗಂಡಸು, ನಾನು ಅವನ ಬಾಯಿಗೆ ಬಾಯಿಟ್ಟು ಊದಬೇಕು. ಆ ತಡೆದ ಕ್ಷಣಕ್ಕಾಗಿ ನನಗೆ ಇಂದಿಗೂ ಸಂಕಟವಾಗುತ್ತದೆ. ನಂತರ ಅವನ ಹಣೆ ಹಿಂದಕ್ಕೆ ಒತ್ತಿ, ಗಲ್ಲ ಎತ್ತಿ, ಮೂಗು ಹಿಡಿದು ಊದಿದೆ. ಎದೆ ಮೇಲೇರಿತು. ಮತ್ತೊಮ್ಮೆ ಊದಿದೆ. ಆಮೇಲೆ ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು 30 ಸಲ ಒತ್ತಬೇಕು, ಸುಮಾರು ಐದು ಸೆಂಟಿಮೀಟರ್ ಕೆಳಗಿಳಿಯುವಂತೆ, ಒಂದು ನಿಮಿಷಕ್ಕೆ ನೂರಕ್ಕೂ ಹೆಚ್ಚು ಆಗುವ ವೇಗದಲ್ಲಿ. ಮತ್ತೆ ಎರಡು ಉಸಿರು, ಮತ್ತೆ 30. ಗದ್ದೆಯ ಹುಡುಗ ಗಟ್ಟಿಯಾಗಿ ಎಣಿಸುತ್ತಿದ್ದ. ಎಷ್ಟು ಸುತ್ತಾಯಿತೋ ತಿಳಿಯದು. ಅವನ ಗಂಟಲಿನಲ್ಲಿ ಗೊರ್ ಎಂಬ ಸದ್ದಾಯಿತು, ಕೆಮ್ಮಿದ, ವಾಂತಿ ಮಾಡಿಕೊಂಡ. ತಕ್ಷಣ ಪಕ್ಕಕ್ಕೆ ಹೊರಳಿಸಿದೆವು. ಅಷ್ಟು ಹೊತ್ತು ಗಟ್ಟಿಯಾಗಿದ್ದ ನಾನು ಆಗ ಅತ್ತೆ.

ಸ್ವಲ್ಪ ಹೊತ್ತಿಗೆ ಅವನು ಎದ್ದು ಕುಳಿತು, "ಸರಿಯಾಗಿದ್ದೇನೆ ಮೇಡಂ, ಹೊರಡುತ್ತೇನೆ" ಎಂದ. ನಾನು ಬಿಡಲಿಲ್ಲ. ಶ್ವಾಸಕೋಶಕ್ಕೆ ನೀರು ಹೋದವರಿಗೆ ಕೆಲವು ಗಂಟೆಗಳ ನಂತರವೂ ಉಸಿರಾಟ ಕಟ್ಟಬಹುದು. ಆಂಬ್ಯುಲೆನ್ಸ್ ಹತ್ತಿಸಿಯೇ ಕಳುಹಿಸಿದೆ. ಚಪ್ಪಲಿ ಮೆಟ್ಟಿಲಿನಲ್ಲೇ ಉಳಿದಿತ್ತು. ಮೂರನೆಯ ದಿನ ಅವನ ಅಣ್ಣ ಬೈಕಿನ ಜೊತೆಗೆ ತೆಗೆದುಕೊಂಡು ಹೋದರು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು ಮೂರು ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತಿದ್ದಾರೆ. ನಮ್ಮ ರಾಜ್ಯದಲ್ಲೇ, ಮುಳುಗಿ ಸತ್ತ ಮಕ್ಕಳನ್ನು ಉಪ್ಪಿನ ರಾಶಿಯಲ್ಲಿ ಹುದುಗಿಸಿಟ್ಟರೆ ಜೀವ ಬರುತ್ತದೆ ಎಂಬ ಮೊಬೈಲ್ ಸುದ್ದಿಯನ್ನು ನಂಬಿ ತಂದೆತಾಯಂದಿರು ಗಂಟೆಗಟ್ಟಲೆ ಕಾದು ಕುಳಿತದ್ದಿದೆ. ಅವರ ಮೇಲೆ ನನಗೆ ಕೋಪ ಬರುವುದಿಲ್ಲ. ಆ ಸುಳ್ಳು ಅವರ ಮನೆ ತಲುಪಿತು, ಎರಡು ಉಸಿರಿನ ವಿಷಯ ತಲುಪಲಿಲ್ಲ ಎಂಬುದೇ ನನ್ನ ಎದೆಯನ್ನು ಕೊರೆಯುತ್ತದೆ.

ಈಗ ನಮ್ಮ ಮಕ್ಕಳು ಶನಿವಾರ ಆಟದ ಮೈದಾನದಲ್ಲಿ ಹಳೆಯ ಸೀರೆಗೆ ಗಂಟು ಹಾಕಿ ಎಸೆಯುವುದನ್ನು ಕಲಿಯುತ್ತಾರೆ. ಸೋಪಾನಕಟ್ಟೆಯ ಪಕ್ಕದ ಹೊಂಗೆ ಮರಕ್ಕೆ ಬಿಗಿಯಾಗಿ ಮುಚ್ಚಿದ ಒಂದು ಖಾಲಿ ಎಣ್ಣೆ ಕ್ಯಾನನ್ನು ಉದ್ದನೆಯ ಹಗ್ಗದೊಂದಿಗೆ ನೇತುಹಾಕಿದ್ದೇವೆ. ಮೊದಲನೆಯದು ವಾರದೊಳಗೆ ಕಳುವಾಯಿತು. ಎರಡನೆಯದೂ ಹೋಯಿತು. ಈಗಿರುವುದು ಮೂರನೆಯದು. ಕಟ್ಟು ನೀರು ಬಿಟ್ಟ ದಿನಗಳಲ್ಲಿ ಅದು ಅಲ್ಲಿದೆಯೇ ಎಂದು ನೋಡಿಕೊಂಡೇ ನಾನು ಶಾಲೆಗೆ ಹೋಗುತ್ತೇನೆ. ಇವತ್ತು ಬೆಳಿಗ್ಗೆ ಇತ್ತು.

ನಮಸ್ಕಾರ.