ಉದ್ದ ಸ್ನಾಯು, ಗಟ್ಟಿ ಸ್ನಾಯು

ಕೇಳುಗರಿಗೆ ನಮಸ್ಕಾರ.

ನಮ್ಮ ದೇಹದ ಅತಿ ಉದ್ದದ ಸ್ನಾಯು ತೊಡೆಯಲ್ಲಿದೆ. ಹೆಸರು ಸಾರ್ಟೋರಿಯಸ್. ಸೊಂಟದ ಮೂಳೆಯಿಂದ ಹೊರಟು, ತೊಡೆಯನ್ನು ಓರೆಯಾಗಿ ದಾಟಿ, ಮಂಡಿಯ ಒಳಬದಿಯಲ್ಲಿ ಇಳಿಯುತ್ತದೆ. ಚಕ್ಕಳಮಕ್ಕಳ ಹಾಕಿ ಕೂರುವಾಗ ಕಾಲು ಮಡಿಸಲು ಇದರ ನೆರವು ಬೇಕು. ಇದರ ಎಳೆಗಳ ಉದ್ದ ಸುಮಾರು 40 ಸೆಂಟಿಮೀಟರ್. ಇಷ್ಟುದ್ದ ಇದ್ದ ಮೇಲೆ ಭಾರಿ ಬಲ ಇರಬೇಕು, ಅಲ್ವಾ? ಇಲ್ಲ. ಕಾಲಿನ ಸ್ನಾಯುಗಳ ಪೈಕಿ ಇದು ಬಡಪಾಯಿ.

ಅದೇ ಕಾಲಲ್ಲಿ ಇನ್ನೂ ಕೆಳಗೆ ಬನ್ನಿ. ಮೀನಖಂಡದ ಒಳಪದರದಲ್ಲಿ ಸೋಲಿಯಸ್ ಇದೆ. ಎಳೆಗಳು 4 ಸೆಂಟಿಮೀಟರ್ ಚಿಲ್ಲರೆ, ಅಷ್ಟೇ. ಬಲ ಮಾತ್ರ ಸಾರ್ಟೋರಿಯಸ್‌ಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ.

ಒಂದು ಎಳೆಯೊಳಗೆ ಸಾರ್ಕೊಮಿಯರ್ ಎಂಬ ಪುಟ್ಟ ತುಣುಕುಗಳು ಒಂದರ ಹಿಂದೊಂದು ಸೇರಿಕೊಂಡಿರುತ್ತವೆ. ಎಳೆ ಉದ್ದವಾದಷ್ಟೂ ಅದು ಹೆಚ್ಚು ದೂರ, ಹೆಚ್ಚು ಬೇಗ ಕುಗ್ಗಬಲ್ಲದು. ಆದರೆ ಎಳೆತ ಹೆಚ್ಚುವುದಿಲ್ಲ. ಎಳೆತ ಹೆಚ್ಚಬೇಕಾದರೆ ಎಳೆಗಳು ಅಕ್ಕಪಕ್ಕ ನಿಲ್ಲಬೇಕು. ಒಂದೊಂದು ಎಳೆಯನ್ನೂ ನೇರ ಅಡ್ಡಲಾಗಿ ಕೊಯ್ದು, ಆ ಮುಖಗಳ ವಿಸ್ತೀರ್ಣವನ್ನೆಲ್ಲ ಕೂಡಿಸಿದರೆ ಬಲದ ಅಂದಾಜು ಸಿಗುತ್ತದೆ. ಸಾರ್ಟೋರಿಯಸ್‌ಗೆ ಅದು ಸುಮಾರು 2 ಚದರ ಸೆಂಟಿಮೀಟರ್. ಸೋಲಿಯಸ್‌ಗೆ 50ರ ಆಸುಪಾಸು. ಒಂದು ಚದರ ಸೆಂಟಿಮೀಟರ್ ಸ್ನಾಯು ಎರಡು-ಮೂರು ಕಿಲೋ ಭಾರದಷ್ಟು ಎಳೆಯುತ್ತದೆ. ಉಳಿದ ಲೆಕ್ಕ ನೀವೇ ಹಾಕಿ.

ಸಣ್ಣ ಜಾಗದಲ್ಲಿ ಇಷ್ಟೊಂದು ಎಳೆ ಹಿಡಿಸಿದ್ದು ಹೇಗೆ? ತೆಂಗಿನ ಗರಿ ನೋಡಿ, ನಡುದಿಂಡಿಗೆ ಎಲೆಗಳು ಓರೆಯಾಗಿ ಹತ್ತಿಕೊಂಡಿರುತ್ತವೆ. ಸೋಲಿಯಸ್‌ನ ಎಳೆಗಳೂ ಹಾಗೇ ಓರೆ, ಸುಮಾರು 28 ಡಿಗ್ರಿ. ಓರೆಯಾಗಿ ಎಳೆದರೆ ಬಲ ಸ್ವಲ್ಪ ಪೋಲಾಗುತ್ತದೆ ನಿಜ. ನೂರಕ್ಕೆ 12ರಷ್ಟು. ಆ ನಷ್ಟ ಕಳೆದೇ ಮೇಲಿನ 50 ಬಂದಿರುವುದು. ನನ್ನನ್ನು ಕೇಳಿದರೆ ಇದು ಲಾಭದ ವ್ಯಾಪಾರ. ನಿಂತಾಗ, ನಡೆವಾಗ ಮೈಭಾರ ತಡೆಯುವ ಸ್ನಾಯುವಿಗೆ ದೂರ ಕುಗ್ಗುವ ಕೆಲಸವೇನೂ ಇಲ್ಲ.

ಡೆನ್ಮಾರ್ಕಿನ ನಿಕೋಲಸ್ ಸ್ಟೆನೊ 1667ರಲ್ಲೇ ಈ ಓರೆ ಎಳೆಗಳನ್ನು ರೇಖಾಗಣಿತದಲ್ಲಿ ಬಿಡಿಸಿದ್ದ. ಸ್ನಾಯುವಿನೊಳಗೆ ಏನೋ ಹರಿದು ಬಂದು ಅದು ಊದಿಕೊಳ್ಳುತ್ತದೆ ಎಂದು ಜನ ನಂಬಿದ್ದ ಕಾಲ ಅದು. ಒಟ್ಟು ಗಾತ್ರ ಹೆಚ್ಚದೆಯೇ ಸ್ನಾಯು ಗಿಡ್ಡವಾಗಿ ದಪ್ಪಗಾಗಬಹುದು ಎಂದು ಅವನು ಗೀಟು ಎಳೆದು ತೋರಿಸಿದ.

ಜಿಮ್‌ನಲ್ಲಿ ಟೇಪು ಸುತ್ತಿ ಬಲ ಅಳೆಯುವವರಿಗೆ ಒಂದು ಮಾತು. ಟೇಪು ಕೊಬ್ಬನ್ನೂ ಸೇರಿಸಿ ಅಳೆಯುತ್ತದೆ. ಓರೆ ಎಳೆಗಳ ಪೂರ್ತಿ ಲೆಕ್ಕ ಅದಕ್ಕೆ ಸಿಗುವುದಿಲ್ಲ. ಅಲ್ಲದೆ ವ್ಯಾಯಾಮ ಶುರುಮಾಡಿದ ಮೊದಲ ಕೆಲವು ವಾರ ಬಲ ಏರುವುದು ಹೆಚ್ಚಾಗಿ ನರಗಳು ಪಳಗುವುದರಿಂದ. ಆಗ ಟೇಪು ಅಲ್ಲಾಡದಿದ್ದರೂ ಎತ್ತುವ ಭಾರ ಏರುತ್ತಿರುತ್ತದೆ.

ನಮಸ್ಕಾರ.